2 ಅಂಕದ ರಾಯರಿಗೆ ಕ್ಲೇಮಿಲ್ಲ

ಡೊಂಬಿವಲಿಯ ನಮ್ಮ ರಾಯರಿಗೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರಿನ ಅನುಮಾನವಿತ್ತು, ಡಾಕ್ಟರು ಮಾತ್ರ "ಬಯಾಪ್ಸಿ ಬೇಡ" ಅಂದುಬಿಟ್ಟರು. ಎಂಥ ಅನ್ಯಾಯ ನೋಡಿ! ಎಂಆರ್‌ಐಗೆ ಸುರಿದ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಶುರುವಾಗಿದ್ದು ಫುಲ್ ಬಾಡಿ ಚೆಕಪ್ ಪ್ಯಾಕೇಜಿನಿಂದ. ಅರವತ್ತು ದಾಟಿದ ಗಂಡಸರಿಗೆ ಈ ಕ್ಯಾನ್ಸರಿನ ಸುಳಿವು ಹುಡುಕುವ ರಕ್ತಪರೀಕ್ಷೆ ಪಿಎಸ್‌ಎ ಫ್ರೀ! ರಿಪೋರ್ಟಿನಲ್ಲಿ 5.6 ಅಂತ ದಪ್ಪಕ್ಷರದಲ್ಲಿ ಬಂತು. 4 ದಾಟಿದರೆ ಸಾಕು, ಲ್ಯಾಬಿನ ಕಂಪ್ಯೂಟರಿಗೆ ಗಾಬರಿ. ಪ್ರಾಸ್ಟೇಟ್ ವಯಸ್ಸಿಗೆ ತಕ್ಕಂತೆ ದಪ್ಪಗಾಗಿದ್ದರೂ, ಮೂತ್ರದ ಸೋಂಕಾಗಿದ್ದರೂ ಈ ಅಂಕಿ ಏರುತ್ತದೆ ಅನ್ನೋದು ಅದಕ್ಕೆ ಗೊತ್ತಿಲ್ಲ, ಪಾಪ.

ಹಿಂದೆಲ್ಲ ಇಷ್ಟಕ್ಕೇ ಹತ್ತು ಹನ್ನೆರಡು ಕಡೆ ಸೂಜಿ ಹಾಕಿ ಚೂರು ತೆಗೆಯುತ್ತಿದ್ದರು, ಅದೇ ಬಯಾಪ್ಸಿ. ಈ ಡಾಕ್ಟರು ನಿಧಾನಸ್ಥರು. ಪಿಎಸ್‌ಎ ಇನ್ನೊಮ್ಮೆ ಮಾಡಿಸಿದರು. ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿ ಮುಟ್ಟಿ ನೋಡಿದರು. ಅಪ್ಪನಿಗೆ, ಅಣ್ಣತಮ್ಮಂದಿರಿಗೆ ಈ ಕಾಯಿಲೆ ಇತ್ತಾ ಅಂತ ಕೇಳಿದರು. ಆಮೇಲೆ ಎಂಆರ್‌ಐ. ಅದರಲ್ಲಿ ಅನುಮಾನಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಪೈರ್ಯಾಡ್ಸ್ ಅಂತ ಹೆಸರು. ರಾಯರಿಗೆ ಬಂದಿದ್ದು 2. ಕಡಿಮೆ ಅಂಕ ತಂದಿದ್ದಕ್ಕೆ ಆ ಮನೆಯಲ್ಲಿ ಪಾಯಸವಾಗಿದ್ದು ಅದೇ ಮೊದಲು. ಗ್ರಂಥಿಯ ಗಾತ್ರ 70 ಎಂಎಲ್. ನಿವೃತ್ತ ಬ್ಯಾಂಕಿನವರಲ್ವಾ, ಕೂಡಲೇ 5.6ನ್ನು 70ರಿಂದ ಭಾಗಿಸಿದರು: 0.08. ಇದು 0.15ಕ್ಕಿಂತ ಕೆಳಗಿದ್ದು, ಎಂಆರ್‌ಐಯಲ್ಲೂ ಅನುಮಾನ ಕಾಣದಿದ್ದರೆ ಸಾಮಾನ್ಯವಾಗಿ ಸೂಜಿ ಬೇಕಾಗುವುದಿಲ್ಲ. ಆರು ತಿಂಗಳು ಬಿಟ್ಟು ಪಿಎಸ್‌ಎ ನೋಡೋಣ ಅಂದರು ಡಾಕ್ಟರು.

ಇದು ಅವರೊಬ್ಬರ ಖಯಾಲಿಯಲ್ಲ. 2018ರ ಪ್ರಿಸಿಷನ್ ಅಧ್ಯಯನದಲ್ಲಿ 500 ಗಂಡಸರಿದ್ದರು. ಎಂಆರ್‌ಐ ಗುಂಪಿನಲ್ಲಿ 28% ಜನರಿಗೆ ಬಯಾಪ್ಸಿಯನ್ನೇ ಮಾಡಲಿಲ್ಲ. ಆದರೂ ಅಪಾಯದ ಕ್ಯಾನ್ಸರ್ ಜಾಸ್ತಿ ಸಿಕ್ಕಿದ್ದು ಅದೇ ಗುಂಪಿನಲ್ಲಿ, 38% ಜನರಲ್ಲಿ. ಎಲ್ಲರಿಗೂ ಸೂಜಿ ಹಾಕುವ ಹಳೇ ಪದ್ಧತಿಯಲ್ಲಿ 26%.

ರಾಯರು ಸ್ಲೋ ಲೋಕಲ್ ಹಿಡಿದು ಮಾಟುಂಗಾಕ್ಕೆ ಹೋದರು. ಹೋಟೆಲಿನಲ್ಲಿ ಇನ್ಶೂರೆನ್ಸ್ ಏಜೆಂಟ್ ಶೆಟ್ಟರು ಸಿಕ್ಕರು.

"ಎಂಆರ್‌ಐ ಬಿಲ್ ಪಾಸಾಗುತ್ತಾ ಶೆಟ್ರೇ?"

"ಅಡ್ಮಿಟ್ ಆಗಿದ್ರಾ?"

"ಇಲ್ಲ."

"ಎಂತ ರಾಯರೇ ನೀವು! ಅಡ್ಮಿಟ್ ಆಗುವ ಮುಂಚಿನ 30 ದಿನದ ಟೆಸ್ಟಿಗೆಲ್ಲ ದುಡ್ಡು ಬರ್ತದೆ. ಆದ್ರೆ ಅಡ್ಮಿಟ್ ಆಗ್ಬೇಕಲ್ಲ ಮಾರಾಯ್ರೇ."

"ಅಡ್ಮಿಟ್ ಆಗೋದು ಬೇಡ ಅಂತ ಗೊತ್ತಾಗಿದ್ದೇ ಆ ಟೆಸ್ಟಿನಿಂದ!"

"ಅದೇ ಆದದ್ದು ತಪ್ಪು."

"ಸುಮ್ನೆ ಒಂದು ದಿನ ಹೋಗಿ ಮಲಗಿದ್ರೆ?"

"ಬರೀ ಟೆಸ್ಟಿಗೆ ಅಂತ ಮಲಗಿದ್ರೆ ರಿಜೆಕ್ಟ್. ಅದಕ್ಕೂ ಬೇರೆ ಕಲಂ ಉಂಟು."

ಶೆಟ್ಟರದ್ದೇನೂ ತಪ್ಪಿಲ್ಲ. ಮಾಮೂಲಿ ಪಾಲಿಸಿಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಕೆಲವರು 30ರ ಬದಲು 60 ದಿನ ಕೊಡುತ್ತಾರೆ, ಅಷ್ಟೇ. 4 ಅಥವಾ 5 ಬಂದು, ಮುಂದೆ ಆಪರೇಷನ್ ಆದವರಿಗೆ ಸ್ಕ್ಯಾನಿನ ಖರ್ಚೂ ಸಿಗುತ್ತದೆ. 2 ಬಂದವರು ಸ್ವಂತ ಖರ್ಚಿನಲ್ಲಿ ಆರೋಗ್ಯವಾಗಿರಬೇಕು. ಬಯಾಪ್ಸಿ, ಕೋಣೆ ಬಾಡಿಗೆ, ಆಮೇಲಿನ ಆಂಟಿಬಯಾಟಿಕ್ ಎಲ್ಲದರಿಂದ ಕಂಪನಿಯನ್ನು ಉಳಿಸಿದ್ದು ಈ ಎಂಆರ್‌ಐ. ಅದರ ಬಿಲ್ ಮಾತ್ರ ರಾಯರ ಪೆನ್ಶನ್‌ಗೆ.

ಶೆಟ್ಟರಿಗೂ ಕನಿಕರ ಬಂತು. ಅಡ್ಮಿಟ್ ಆಗದಿದ್ದರೂ ದುಡ್ಡು ಬರುವ ಒಪಿಡಿ ಕವರ್ ಮಾಡಿಸಿ, ಪ್ರೀಮಿಯಂ ಸ್ವಲ್ಪ ಜಾಸ್ತಿ ಅಂತ ಫಾರ್ಮ್ ತೆಗೆದರು. ರಾಯರು ಕನ್ನಡಕ ಏರಿಸಿ ಮೊದಲ ಪ್ರಶ್ನೆ ಓದಿದರು: "ಇತ್ತೀಚೆಗೆ ಯಾವುದಾದರೂ ಸ್ಕ್ಯಾನ್ ಮಾಡಿಸಿದ್ದೀರಾ? ಹೌದಾದರೆ, ನಿಮಗಿರುವ ಕಾಯಿಲೆ ಯಾವುದು?"