ಸತ್ಯಾಂಶ: ಕರಗಿದ ಪಾಡ್ ಹಾಳೆ ಮಾಯವಾಗುತ್ತದೆಯೇ?

ವಾಷಿಂಗ್ ಮೆಷಿನ್‌ಗೆ ಹಾಕುವ ಸೋಪಿನ ಸಣ್ಣ ಪೊಟ್ಟಣ, ಅಂದರೆ ಡಿಟರ್ಜೆಂಟ್ ಪಾಡ್‌ನ ತೆಳು ಹಾಳೆ ಸೋಪಿನ ಕ್ಷಾರದಲ್ಲಿ ಪೂರ್ತಿ ಒಡೆದು ಇಲ್ಲವಾಗುತ್ತದೆ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ನಿಜವಲ್ಲ.

ಆ ಹಾಳೆ ಪಾಲಿವಿನೈಲ್ ಆಲ್ಕೋಹಾಲ್ ಎಂಬ, ನೀರಲ್ಲಿ ಕರಗುವ ಪ್ಲಾಸ್ಟಿಕ್. ಕರಗುವುದು ಬೇರೆ, ಒಡೆಯುವುದು ಬೇರೆ ಅಲ್ವಾ? ಕರಗಿದಾಗ ಅದರ ಉದ್ದನೆಯ ಸರಪಳಿಗಳು ನೀರಲ್ಲಿ ಹರಡುತ್ತವೆ, ತುಂಡಾಗುವುದಿಲ್ಲ.

ಸಾಮಾನ್ಯ ಹಾಳೆಯ ಸರಪಳಿಯಲ್ಲಿ 100 ಕೊಂಡಿಗಳಿಗೆ ಸುಮಾರು 12 ಕಡೆ ಅಸಿಟೇಟ್ ಗುಂಪು (ಬದಿಗೆ ಅಂಟಿಕೊಂಡಿರುವ ಸಣ್ಣ ಪರಮಾಣು ಗುಂಪು) ಉಳಿದಿರುತ್ತದೆ. ಕ್ಷಾರ ಕಳಚುವುದು ಇದನ್ನು ಮಾತ್ರ. ಆ ಜಾಗಕ್ಕೆ ಆಲ್ಕೋಹಾಲ್ ಗುಂಪು ಬರುತ್ತದೆ. ಕಾರ್ಖಾನೆಯಲ್ಲಿ ಪಾಲಿವಿನೈಲ್ ಅಸಿಟೇಟ್‌ನಿಂದ ಈ ವಸ್ತುವನ್ನು ತಯಾರಿಸುವುದೂ ಹೀಗೆಯೇ, ಕ್ಷಾರ ಬಳಸಿ. ಕಾರ್ಬನ್‌-ಕಾರ್ಬನ್ ಬಂಧಗಳು, ಅಂದರೆ ಸರಪಳಿಯನ್ನು ಹಿಡಿದಿಡುವ ಬಂಧಗಳು, ಹಾಗೇ ಉಳಿಯುತ್ತವೆ. ಅಸಿಟೇಟ್ ಪೂರ್ತಿ ಹೋದರೆ ಹಾಳೆ ತಣ್ಣೀರಲ್ಲಿ ಕರಗುವುದೇ ಕಷ್ಟ!

ಸರಪಳಿ ಕತ್ತರಿಸುವುದು ಕೆಲವು ಬ್ಯಾಕ್ಟೀರಿಯಾಗಳ ಕಿಣ್ವಗಳು. ಅದಕ್ಕೆ ಆ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆದಿರುವ ಕೊಳಚೆನೀರು ಶುದ್ಧೀಕರಣ ಘಟಕ ಬೇಕು, ಸಮಯವೂ ಬೇಕು.