ದಮ್ ಇಲ್ಲದೋನ ದಮ್ಮು

ಏಳನೇ ಕ್ಲಾಸಿನಲ್ಲಿ ಪಿಟಿ ಮೇಷ್ಟ್ರು ನನಗೆ ‘ದಮ್ ಇಲ್ಲದೋನು’ ಅಂತ ಹೆಸರಿಟ್ಟಿದ್ದರು. ಡಿಸೆಂಬರ್ ಚಳಿಯಲ್ಲಿ ಮೈದಾನಕ್ಕೆ ಮೂರು ಸುತ್ತು. ಓಡುವಾಗ ಹೇಗೋ ಓಡಿಬಿಡುತ್ತಿದ್ದೆ. ನಿಂತ ಐದು ನಿಮಿಷಕ್ಕೆ ಶುರು. ಕೆಮ್ಮು, ಎದೆ ಬಿಗಿತ, ಉಸಿರು ಬಿಟ್ಟರೆ ಸುಯ್ ಅಂತ ಸದ್ದು. ಅರ್ಧ ಮುಕ್ಕಾಲು ಗಂಟೆ ಕೂತರೆ ತಾನಾಗೇ ಸರಿಹೋಗುತ್ತಿತ್ತು. ‘ಓಡುವಾಗ ಚೆನ್ನಾಗಿದ್ದೆ, ಕ್ಲಾಸಿಗೆ ಹೋಗೋ ಟೈಮಿಗೆ ನಾಟಕ’ ಅಂದರು. ಇದ್ದದ್ದು ದಮ್ಮು, ಅಂದರೆ ಆಸ್ತಮಾ, ಅಂತ ತಿಳಿಯಲು ಹತ್ತು ವರ್ಷ ಹಿಡಿಯಿತು.

ಹೋದ ತಿಂಗಳು ಮಗಳು ಖೋಖೋ ಆಡಿ ಬಂದು ಥೇಟ್ ಹಾಗೇ ಕೆಮ್ಮಿದಳು. ‘ತಣ್ಣೀರು ಕುಡಿದಿರ್ತಾಳೆ’ ಅಂದರು ನಮ್ಮತ್ತೆ.

ಸುಮ್ನೆ ಕೂತಾಗ ನಾವು ಮೂಗಿನಲ್ಲಿ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಒಳಗೆ ಕಳಿಸುತ್ತದೆ. ಜೋರಾಗಿ ಓಡುವಾಗ ಬಾಯಿ ತೆರೆಯಲೇಬೇಕು. ಒಣ ಗಾಳಿ ನೇರ ನುಗ್ಗಿ ಶ್ವಾಸನಾಳದ ತೇವ ಹೀರುತ್ತದೆ. ಅಲ್ಲಿನ ಕೆಲವು ಕೋಶಗಳು ಕೆರಳಿ ಹಿಸ್ಟಮಿನ್‌ನಂಥ ರಾಸಾಯನಿಕ ಬಿಡುತ್ತವೆ. ನಾಳದ ಸುತ್ತಲಿನ ಸ್ನಾಯು ಬಿಗಿದು ದಾರಿ ಕಿರಿದಾಗುತ್ತದೆ. ಇದು ಜಾಸ್ತಿ ಆಗುವುದು ಓಟ ನಿಲ್ಲಿಸಿದ 5–10 ನಿಮಿಷದಲ್ಲಿ. ಮೇಷ್ಟ್ರು ನಾಟಕ ಅಂದದ್ದು ಇದನ್ನೇ!

ಡಾಕ್ಟರು ಮಗಳಿಂದ ಮಷೀನಿಗೆ ಊದಿಸಿದರು. ನಾರ್ಮಲ್. ಟ್ರೆಡ್‌ಮಿಲ್ ಮೇಲೆ ಓಡಿಸಿ ಮತ್ತೆ ಊದಿಸಿದಾಗ ಸಿಕ್ಕಿಬಿತ್ತು. ಕೂತು ಊದಿದ್ದು ಸರಿ ಇದೆ ಅಂತ ಅಲ್ಲಿಗೇ ಬಿಡಬಾರದು ನೋಡಿ. ಹಾಗಂತ ಓಡಿದ ಮೇಲಿನ ಕೆಮ್ಮೆಲ್ಲ ಇದೇ ಅಂತಲೂ ಅಲ್ಲ.

ಆಟಕ್ಕೆ 15 ನಿಮಿಷ ಮೊದಲು ಪಂಪ್ (ಬಾಯಲ್ಲಿಟ್ಟು ಔಷಧಿ ಎಳೆದುಕೊಳ್ಳುವ ಇನ್‌ಹೇಲರ್), ಆಮೇಲೆ ನಿಧಾನವಾಗಿ ವಾರ್ಮ್ ಅಪ್. ‘ಪಂಪಾ? ಅಭ್ಯಾಸ ಆಗ್ಬಿಡುತ್ತೆ ಕಣಪ್ಪ’ ಅಂದರು ಅತ್ತೆ, ಎರಡನೇ ಕಾಫಿ ಲೋಟ ಹಿಡಿದುಕೊಂಡು. ಪಂಪಿಗೆ ಚಟ ಹತ್ತುವುದಿಲ್ಲ. ಆದರೆ ದಿನಾ ಅದೇ ಬೇಕು ಅನ್ನಿಸಿದರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತ ಅರ್ಥ. ಆಗ ಡಾಕ್ಟರ ಹತ್ತಿರ ಹೋಗಿ ಬೇರೆ ಔಷಧಿ ಕೇಳಬೇಕು.

ನನಗೆ ಸಿಟ್ಟು ಬರುವುದು ‘ಹಾಗಾದ್ರೆ ಆಟ ಬಿಡಿಸಿ’ ಅನ್ನುವವರ ಮೇಲೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕ ತಂಡದ 597 ಜನರಲ್ಲಿ 67 ಮಂದಿಗೆ ಇದೇ ತೊಂದರೆ ಇತ್ತು. ಅವರು ಗೆದ್ದ ಪದಕ 41. ನಾನಂತೂ ಎಂಟನೇ ಕ್ಲಾಸಿಗೇ ಮೈದಾನ ಬಿಟ್ಟು ಸ್ಕೋರ್ ಬರೆಯುವ ಹುಡುಗನಾದೆ.

ಶನಿವಾರ ಮಗಳ ಮ್ಯಾಚ್ ಇದೆ. ಪಂಪಿಗೆ ಆಗಲೇ ಸ್ಟಿಕ್ಕರ್ ಅಂಟಿಸಿಟ್ಟಿದ್ದಾಳೆ.