ಗೊಬ್ಬರಕ್ಕೆ ಬೈಯೋಕೆ ಮುಂಚೆ ಹುಲ್ಲಿನ ಲೆಕ್ಕ ಕೊಡಿ

"ರಸಗೊಬ್ಬರ ಹಾಕಿ ಹಾಕಿ ಮಣ್ಣು ಸತ್ತೇಹೋಯ್ತು" ಅನ್ನೋ ಪೋಸ್ಟ್ ದಿನಕ್ಕೊಂದಾದರೂ ಕಣ್ಣಿಗೆ ಬೀಳುತ್ತದೆ. ಕೆಳಗಡೆ ಕಾಮೆಂಟಿನಲ್ಲಿ ಇನ್ನೊಬ್ಬರು, "ಗೊಬ್ಬರ ಹಾಕಿದರೆ ಬೆಳೆ ಜಾಸ್ತಿ, ಬೇರು ಜಾಸ್ತಿ, ಮಣ್ಣಿಗೂ ಒಳ್ಳೇದೇ" ಅಂತಾರೆ. ಇಬ್ಬರದ್ದೂ ಅರ್ಧ ಸತ್ಯ. ಕಟಾವಾದ ಮೇಲೆ ಹುಲ್ಲು ಎಲ್ಲಿಗೆ ಹೋಯ್ತು ಅಂತ ಮಾತ್ರ ಇಬ್ಬರೂ ಕೇಳಲ್ಲ. ನನ್ನ ತಕರಾರು ಅದೇ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಅಂತ ಒಂದು ಹೊಲ ಇದೆ. 1843ರಿಂದ ಅಲ್ಲಿ ಗೋಧಿಯ ಪ್ರಯೋಗ ನಡೆದೇ ಇದೆ. ಒಂದು ತಾಕಿಗೆ ಏನೂ ಹಾಕಲ್ಲ. ಕೆಲವಕ್ಕೆ ರಸಗೊಬ್ಬರ ಮಾತ್ರ. ಇನ್ನೊಂದಕ್ಕೆ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ. (ಇದನ್ನು ಶುರು ಮಾಡಿದ ಜಾನ್ ಲಾಸ್ ಸೂಪರ್ ಫಾಸ್ಫೇಟ್ ಅನ್ನೋ ರಸಗೊಬ್ಬರದ ಕಾರ್ಖಾನೆಯ ಮಾಲೀಕ! ಆದರೂ ಕೊಟ್ಟಿಗೆ ಗೊಬ್ಬರಕ್ಕೂ ಒಂದು ತಾಕು ಕೊಟ್ಟಿದ್ದ.)

ಫಲಿತಾಂಶ ಏನು? ರಸಗೊಬ್ಬರದ ತಾಕಿನಲ್ಲಿ ಸಾವಯವ ಇಂಗಾಲ (ಮಣ್ಣಲ್ಲಿ ಸಾವಯವ ವಸ್ತು ಎಷ್ಟಿದೆ ಅಂತ ಅಳೆಯೋದು ಇದರಿಂದಲೇ) ಏನೂ ಹಾಕದ ತಾಕಿಗಿಂತ ಸ್ವಲ್ಪ ಜಾಸ್ತಿಯೇ ಇದೆ. ಅಂದರೆ ಮಣ್ಣು ಸತ್ತಿಲ್ಲ. ಆದರೆ ಕೊಟ್ಟಿಗೆ ಗೊಬ್ಬರದ ತಾಕಿನಲ್ಲಿ ಅದು ಎರಡು ಪಟ್ಟಿಗೂ ಮೀರಿದೆ. ಮಜಾ ಏನಂದ್ರೆ, ಎಷ್ಟೋ ದಶಕ ಈ ಎರಡೂ ಕಡೆ ಇಳುವರಿ ಹೆಚ್ಚುಕಮ್ಮಿ ಒಂದೇ ಆಗಿತ್ತು. ಇಳುವರಿ ಚೆನ್ನಾಗಿದೆ, ಹಾಗಾಗಿ ಮಣ್ಣೂ ಚೆನ್ನಾಗಿದೆ ಅನ್ನೋ ಲೆಕ್ಕ ಇಲ್ಲಿ ನಿಲ್ಲಲ್ಲ.

ಮಣ್ಣು ಹೇಗಿದೆ ಅಂತ ತಿಳಿಯೋಕೆ, ಒಣಗಿದ ಒಂದು ಹೆಂಟೆಯನ್ನು ನೀರಿನ ಲೋಟಕ್ಕೆ ಮೆಲ್ಲಗೆ ಇಳಿಸಿ ನೋಡಿ. ಸಾವಯವ ವಸ್ತು ಕಮ್ಮಿ ಇದ್ದರೆ ಬುಳುಬುಳು ಗುಳ್ಳೆ ಬಿಟ್ಟು, ನೋಡನೋಡುತ್ತಲೇ ಕುಸಿದು ತಳದಲ್ಲಿ ಕೆಸರಾಗುತ್ತದೆ. ಚೆನ್ನಾಗಿ ಇದ್ದರೆ ಹೆಂಟೆ ಹಾಗೇ ಕೂತಿರುತ್ತದೆ, ನೀರೂ ಅಷ್ಟು ಕದಡಲ್ಲ. ಮಳೆ ಬಿದ್ದಾಗ ಹೊಲದಲ್ಲಿ ಆಗೋದೂ ಇದೇ.

ಯೂರಿಯಾದಲ್ಲಿ 46% ಸಾರಜನಕ ಇದೆ. ಅದು ಬೆಳೆಗೆ ಊಟ, ಮಣ್ಣಿಗೆ ಸಾವಯವ ವಸ್ತು ಅಲ್ಲ. ಮಣ್ಣಿಗೆ ಇಂಗಾಲ ಬರೋದು ಬೇರು, ಕೂಳೆ, ಹುಲ್ಲು, ಸಗಣಿಯಿಂದ. ಗೊಬ್ಬರ ಹಾಕಿದ ಬೆಳೆ ಹುಲುಸಾಗಿ ಬಂದು ಬೇರು, ಕೂಳೆ ಜಾಸ್ತಿ ಬಿಡುತ್ತದೆ, ಆ ಸ್ವಲ್ಪ ಹೆಚ್ಚಳ ಅಲ್ಲಿಂದಲೇ. ಹುಲ್ಲನ್ನೆಲ್ಲ ಹೊತ್ತೊಯ್ದರೆ ಅಥವಾ ಸುಟ್ಟರೆ ಲಾಭ ಆ ಸ್ವಲ್ಪಕ್ಕೇ ನಿಂತುಹೋಗುತ್ತದೆ.

ಮತ್ತೆ ಎಷ್ಟೋ ಹೊಲಗಳಲ್ಲಿ ಸಾವಯವ ವಸ್ತು ಇಳಿದಿರೋದು ಸುಳ್ಳಾ? ಸುಳ್ಳಲ್ಲ. ಹುಲ್ಲುಗಾವಲನ್ನೋ ಕಾಡನ್ನೋ ಉತ್ತು ಹೊಲ ಮಾಡಿದ ಮೇಲೆ ಅದು ಇಳಿದೇ ಇಳಿಯುತ್ತದೆ, ಗೊಬ್ಬರ ಹಾಕಿದರೂ, ಹಾಕದಿದ್ದರೂ. ಒಬ್ಬರು ಇವತ್ತಿನ ಹೊಲವನ್ನು ಹಳೇ ಹುಲ್ಲುಗಾವಲಿಗೆ ಹೋಲಿಸ್ತಾರೆ, ಇನ್ನೊಬ್ಬರು ಗೊಬ್ಬರ ಹಾಕದ ಪಕ್ಕದ ತಾಕಿಗೆ. ಆಮೇಲೆ ಕಾಮೆಂಟಿನಲ್ಲಿ ಸುಮ್ನೆ ಕಿತ್ತಾಡ್ತಾರೆ.

ಹಾಗಂತ ರಸಗೊಬ್ಬರಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡಲ್ಲ. ಅಮೋನಿಯಂ ಗೊಬ್ಬರ ಮಣ್ಣನ್ನು ಹುಳಿ (ಆಮ್ಲೀಯ) ಮಾಡುತ್ತದೆ. ರೋಥಮ್‌ಸ್ಟೆಡ್‌ನದ್ದೇ ಪಾರ್ಕ್ ಗ್ರಾಸ್ ಹುಲ್ಲುಗಾವಲಿನಲ್ಲಿ, ಸುಣ್ಣ ಹಾಕದೆ ಅಮೋನಿಯಂ ಸಲ್ಫೇಟ್ ಹಾಕುತ್ತಾ ಬಂದ ತಾಕುಗಳಲ್ಲಿ ಸತ್ತ ಹುಲ್ಲು ಕೊಳೆಯದೆ ಚಾಪೆ ಹಾಸಿದ ಹಾಗೆ ಮೇಲೇ ಕೂತಿದೆ. ಸಾವಯವ ವಸ್ತು ಇದೆ, ಆದರೆ ಅದನ್ನು ಮಣ್ಣಿಗೆ ಸೇರಿಸೋ ಎರೆಹುಳು ಅಷ್ಟು ಹುಳಿ ಮಣ್ಣಲ್ಲಿ ಬದುಕಬೇಕಲ್ವಾ?

35 ಟನ್ ಯಾರ ಹತ್ರ ಇರುತ್ತೆ ಅಂತ ಕೇಳಿದರೆ, ನ್ಯಾಯವೇ. ಹುಲ್ಲು ಮಾರಬೇಡಿ ಅಂತ ಹೇಳೋದೂ ಸುಲಭ, ದನಕ್ಕೆ ಮೇವು ಬೇಡವಾ? ದನ ತಿಂದರೆ ಸಗಣಿಯಾದರೂ ಅದೇ ಹೊಲಕ್ಕೆ ವಾಪಸ್ ಬರಲಿ. ಆಗದಿದ್ದರೆ ಎರಡು ಬೆಳೆ ನಡುವೆ ಹಸಿರೆಲೆ ಗೊಬ್ಬರದ ಬೆಳೆ ಹಾಕಿ. ಮಣ್ಣು ಪರೀಕ್ಷೆ ಮಾಡಿಸುವವರು ಪ್ರತಿ ಸಲ ಒಂದೇ ಆಳದಿಂದ ಮಣ್ಣು ತೆಗೆಯಿರಿ. ಮುಂದಿನ ವರ್ಷವೇ ಅಂಕಿ ಮೇಲೇರಲಿಲ್ಲ ಅಂತ ಕೈಬಿಡಬೇಡಿ. 35 ಟನ್ ಹಾಕಿದ ಬ್ರಾಡ್‌ಬಾಕ್‌ನಲ್ಲೂ ಇಂಗಾಲ ದುಪ್ಪಟ್ಟಾಗೋಕೆ ದಶಕಗಳೇ ಹಿಡಿದಿವೆ.